ವೈಜನಾಥನ ಎರಡು ಆಂಟೆನಾ, ಹಜಿರಾ ಬೀಯ ಕೋಳಿಗಳು

ಬಸವಕಲ್ಯಾಣದ ಪೇಟೆಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದ ವೈಜನಾಥ, ಗಾಳಿಯಲ್ಲಿ ಹೋಗುವ ಯಾವ ಅಲೆಯೂ ತನ್ನ ಅಪ್ಪಣೆಯಿಲ್ಲದೆ ತಾಲ್ಲೂಕು ದಾಟಲಾರದು ಎಂದೇ ನಂಬಿದ್ದ. ೨೦೦೫ರಲ್ಲಿ ದುಬಲಗುಂಡಿಯಿಂದ ಆ ನಂಬಿಕೆಗೆ ಸವಾಲು ಬಂತು.

ಅಲ್ಲಿನ ಯಶೋದಾಬಾಯಿಯ ಮನೆಗೆ ತಂತಿಯಿಲ್ಲದ ಫೋನು ಬಂದಿತ್ತು. ಹುಮನಾಬಾದ ಕಡೆಯ ಟವರಿನ ಸಿಗ್ನಲ್ಲು ಮಾತಿನ ನಡುವೆಯೇ ಕೈಕೊಡುತ್ತಿತ್ತು. ಮಗಳು ಪೂನಂಳ ಸಂಬಂಧದ ಬಗ್ಗೆ ಹುಲಸೂರಿನ ವರನ ತಂದೆ ಮಾತಾಡುವಾಗ ಲೈನು ಕಡಿದು, ಯಶೋದಾಬಾಯಿಯೇ ಫೋನು ಕುಕ್ಕಿದಳೆಂದು ಅವರು ಮುನಿಸಿಕೊಂಡಿದ್ದರು. ಹಿರಿಯರು ನಡುವೆ ಬಿದ್ದು, ಗುರುವಾರ ಮತ್ತೊಮ್ಮೆ ಫೋನು ಮಾಡಲು ಅವರನ್ನು ಒಪ್ಪಿಸಿದ್ದರು.

“ಈ ಸಲಾನೂ ಲೈನ್ ಬಂದ್ ಆತಂದ್ರ ಪೋರಿ ಸಂಬಂಧ ಮುರೀತು ನೋಡಣ್ಣಾ,” ಎಂದು ಯಶೋದಾಬಾಯಿ ವೈಜನಾಥನನ್ನು ಕರೆಸಿದಳು.

ವೈಜನಾಥ ಅವಳ ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಚೌಕದ ಮನೆ ಬರೆದು ಯುದ್ಧ ಸಾರಿದ. ತಾಸಿಗೊಮ್ಮೆ ಫೋನಿನ ಆಂಟೆನಾವನ್ನು ಹನ್ನೆರಡೂ ಮನೆಯಲ್ಲಿ ಸರದಿಯಂತೆ ನಿಲ್ಲಿಸುವುದು. ಕೆಳಗಿನಿಂದ ಪೂನಂ ಸಿಗ್ನಲ್ ಕುಸಿದು ಬಿತ್ತೆಂದು ಕೂಗಿದರೆ ಅಲ್ಲೊಂದು ಜೋಳದ ಕಾಳಿಡುವುದು. ಸಂಜೆ ಎಣಿಸಿ, ಕಡಿಮೆ ಕಾಳಿನ ಮನೆಗೆ ಪಟ್ಟ ಕಟ್ಟುವುದು. ಮೂಲೆಯ ಮನೆ ಗೆಲ್ಲುವಂತಿತ್ತು. ಎಣಿಸುವ ಮುನ್ನ ಚಹಾ ಕುಡಿಯಲು ಇಳಿದ. ಹತ್ತಿ ಬರುವಷ್ಟರಲ್ಲಿ ಪಕ್ಕದ ಮನೆಯ ಹಜಿರಾ ಬೀಯ ಕೋಳಿಗಳು ಇಡೀ ದಿನದ ಲೆಕ್ಕವನ್ನು ತಿಂದು ಮುಗಿಸಿದ್ದವು.

“ಲೆಕ್ಕ ಬೇಕಂದ್ರ ನಾಳಿ ಬಂದು ತತ್ತಿ ಎಣಿಸ್ರಿ ಭೈಯಾ,” ಎಂದಳು ಹಜಿರಾ ಬೀ.

ಮರುದಿನ ಹುಣಸೆ ಬೀಜ ಹಿಡಿದು ಮತ್ತೆ ಮೊದಲಿನಿಂದ ಶುರು. ಸಂಜೆ ನೋಡಿದರೆ ನಿನ್ನೆ ಗೆಲ್ಲಬೇಕಿದ್ದ ಮೂಲೆಯಲ್ಲೇ ಬೀಜದ ರಾಶಿ! ಒಂದು ದಿನದ ರಾಜ ಮರುದಿನ ಭಿಕಾರಿ. ಕೋಳಿಗಳು ಲೆಕ್ಕ ತಿನ್ನದಿದ್ದರೆ ಆ ಮೂಲೆಗೇ ಪಟ್ಟ ಕಟ್ಟಿಬಿಡುತ್ತಿದ್ದ. ಆದರೆ ವೈಜನಾಥನಿಗೆ ಇನ್ನೊಂದು ಸಂಗತಿ ಹೊಳೆಯಿತು: ಒಂದು ಮನೆಯಲ್ಲಿ ಸಿಗ್ನಲ್ ಬಿದ್ದ ಹೊತ್ತಿಗೆ ಮೊಳದಾಚೆಯ ಮನೆಯಲ್ಲೂ ಬೀಳುವುದು ತೀರ ಅಪರೂಪ. ಅಂದ ಮೇಲೆ ಒಳ್ಳೆಯ ಜಾಗ ಹುಡುಕುವುದೇ ದಂಡ. ಎರಡು ಸಾಧಾರಣ ಜಾಗ ಸಾಕು. ಮೊಳ ಅಂತರದಲ್ಲಿ ಎರಡು ಆಂಟೆನಾ ನೆಟ್ಟು, ಅದರಿಂದ ಇದಕ್ಕೆ ಬದಲಿಸುವ ಗುಂಡಿಯನ್ನು ಯಶೋದಾಬಾಯಿಯ ಕೈಗೆ ಕೊಟ್ಟ.

ಗುರುವಾರ ವರನ ತಂದೆ ಮುತ್ತಜ್ಜನ ಕಾಲದಿಂದ ಮಾತು ತೆಗೆದರು. ದನಿ ಗೊರಗೊರ ಎಂದಾಗಲೆಲ್ಲ ಯಶೋದಾಬಾಯಿ ಗುಂಡಿ ಒತ್ತುವಳು, ದನಿ ತಿಳಿಯಾಗುವುದು. ಏಳು ಸಲ ಒತ್ತಿದಳು. ವೈಜನಾಥ ಉಸಿರು ಬಿಟ್ಟಿದ್ದು ಕೊನೆಯಲ್ಲಿ, ಫೋನಿನೊಳಗಿಂದ ಅವರ ದನಿ ಅವನಿಗೂ ಕೇಳಿಸಿದಾಗ:

“ಪೋರಿ ನಮಗ ಪಸಂದ್ ಅದಾಳ್ರಿ. ನೀವೂ ಈ ಸಲ ಪೂರಾ ಕೇಳಿದ್ರಿ.”

ಪೂನಂ ಒಳಗೆ ಓಡಿದಳು. ವೈಜನಾಥ ಮಾತ್ರ ಒಂದು ಬೊಗಸೆ ಜೋಳ ಕೇಳಿ ಇಸಿದುಕೊಂಡು, ಹಜಿರಾ ಬೀಯ ಅಂಗಳಕ್ಕೆ ಹೋಗಿ ಕೋಳಿಗಳ ಮುಂದೆ ಸುರಿದ.