ಹಗುರವಾಗಿದ್ದ ಪವರ್ ಸಪ್ಲೈ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿಕೊಳ್ಳುತ್ತಿದ್ದರು. ಮದರ್‌ಬೋರ್ಡಿನ ಪುಟ್ಟ ಪಿನ್ನುಗಳ ಟೋಪಿ ಎತ್ತಲು ಆ ಉಗುರಿಗಿಂತ ಒಳ್ಳೆಯ ಸಲಕರಣೆ ಇಲ್ಲವಂತೆ. ಕಂಪ್ಯೂಟರ್ ಬಿಚ್ಚುವ ಮೊದಲು ಅಡುಗೆಮನೆಗೆ ಹೋಗಿ ಸ್ಟೀಲಿನ ನಲ್ಲಿಯನ್ನು ಒಮ್ಮೆ ಮುಟ್ಟಿ ಬರುತ್ತಿದ್ದರು, ಮೈಯಲ್ಲಿದ್ದ ಕರೆಂಟು ಇಳಿಯಲಿ ಎಂದು. ಗೊತ್ತಿಲ್ಲದವರು ನೋಡಿದರೆ ಇದೇನೋ ಮಡಿ ಎಂದುಕೊಳ್ಳಬೇಕು.

ಅವರು ನನ್ನ ಸಂಬಂಧಿಕರಲ್ಲ. ನಾನು ಉಡುಪಿಯ ಕಡೆಯವನು, ಮನೆಮಾತು ತುಳು. ಅವರು ಧಾರವಾಡದವರು. ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದೆವು. ನಾನು ಕೆಳಗೆ, ಅವರು ಹೆಂಡತಿ ಮಗಳ ಜೊತೆ ಮೇಲಿನ ಮಹಡಿಯಲ್ಲಿ. ಹುಬ್ಬಳ್ಳಿ ಹುಡುಗರು ಕಾಕಾ ಎನ್ನುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು. ಎರಡು ಸಾವಿರದ ಆರನೇ ಇಸವಿ. ನನಗೆ ಇಪ್ಪತ್ತೇಳು ವರ್ಷ, ನಾರ್ವೆಸ್ಟ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸ, ಕಂಪನಿ ಕೊಡಿಸಿದ ವೀಸಾ, ತಲೆ ತುಂಬ ಗೇಮ್ ಹುಚ್ಚು.

ಒಂದು ಭಾನುವಾರ ಕಾಕಾ ನನ್ನನ್ನು ಕಂಪ್ಯೂಟರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಶಾಲೆಯೊಂದರ ಹಾಲಿನಲ್ಲಿ ಸಾಲಾಗಿ ಮೇಜು, ಮೇಜಿನ ಮೇಲೆ ಬಿಡಿಭಾಗಗಳು. ನಾನು ಬರೆದುಕೊಂಡಿದ್ದ ಪಟ್ಟಿಯನ್ನು ನೋಡಿ ಅವರು ನಕ್ಕರು.

"ಏ ತಮ್ಮಾ, ಇದ್ದ ರೊಕ್ಕ ಎಲ್ಲಾ ಗ್ರಾಫಿಕ್ಸ್ ಕಾರ್ಡಿಗೇ ಹಾಕೀಯಲ್ಲೋ. ಉಳಿದದ್ದನ್ನ ಮಾವನ ಮನಿಯಿಂದ ತರ್ತೀಯೇನು?"

"ಕಾಕಾ, ಕಾರ್ಡ್ ದೊಡ್ಡದು ಇಲ್ಲದಿದ್ರೆ ಗೇಮ್ ಆಡಿ ಎಂತ ಪ್ರಯೋಜನ?"

"ನಡುವಿನದ ತಗೋ. ಒಂದು ವರ್ಷದಾಗ ದೊಡ್ಡದೂ ಹಳೇದಾಗ್ತದ." ಅವರು ಎರಡು ಪವರ್ ಸಪ್ಲೈಗಳನ್ನು, ಅಂದರೆ ಕಂಪ್ಯೂಟರಿನೊಳಗೆ ಎಲ್ಲ ಭಾಗಕ್ಕೂ ಕರೆಂಟು ಹಂಚುವ ಡಬ್ಬಿಗಳನ್ನು, ತಂದು ನನ್ನ ಎರಡೂ ಕೈಗೆ ಒಂದೊಂದು ಕೊಟ್ಟರು. "ತೂಕ ನೋಡು. ಹಗುರ ಇದ್ದದ್ದು ಒಳಗ ಖಾಲಿ ಇರ್ತದ, ಮ್ಯಾಲೆ ಬರದ ನಂಬರ್ ಸುಳ್ಳು. ಅದು ಸತ್ರ ಒಂದ ಸಾಯೂದಿಲ್ಲ, ಮನಿಮಂದಿನ್ನೆಲ್ಲಾ ಕರಕೊಂಡು ಹೋಗ್ತದ."

ಅವತ್ತು ಭಾರದ್ದನ್ನೇ ಕೊಂಡೆ. ಅವರು ಜೋಡಿಸಿಕೊಟ್ಟ ಆ ಕಂಪ್ಯೂಟರ್ ಐದು ವರ್ಷ ಒಮ್ಮೆಯೂ ಕೈಕೊಡಲಿಲ್ಲ. ಅದಕ್ಕೆ ಕೂಲಿಯೆಂದು ಕಾಕಾ ಕುಡಿದದ್ದು ಒಂದು ಲೋಟ ಚಹಾ ಮಾತ್ರ.

ಸಿಡ್ನಿಯ ನಮ್ಮ ಜನ ಅವರನ್ನು "ಮಾಸ್ತರು" ಎಂದು ಕೊಂಡಾಡುತ್ತಿದ್ದರು. ಊಟಕ್ಕೂ ಕರೆಯುತ್ತಿದ್ದರು. ಆದರೆ ಕಾಕಾರನ್ನು ಊಟಕ್ಕೆ ಕರೆದರು ಎಂದರೆ ಆ ಮನೆಯಲ್ಲಿ ಕಂಪ್ಯೂಟರ್ ಕೆಟ್ಟಿದೆ ಎಂದೇ ಅರ್ಥ. ಅವರ ಕೆಲಸ ಏನು ಎಂದು ಯಾರೂ ಸರಿಯಾಗಿ ಕೇಳಿರಲಿಲ್ಲ. "ಹಾಸ್ಪಿಟಲ್‌ನಾಗ" ಎನ್ನುತ್ತಿದ್ದರು, ಯಾವುದೋ ಯಂತ್ರದ ಎಂಜಿನಿಯರ್ ಇರಬೇಕೆಂದು ಎಲ್ಲರೂ ತಾವೇ ತೀರ್ಮಾನಿಸಿದ್ದರು.

ಒಮ್ಮೆ ಗೆಳೆಯನನ್ನು ನೋಡಲು ಆಸ್ಪತ್ರೆಗೆ ಹೋದಾಗ ನನಗೆ ಗೊತ್ತಾಯಿತು. ಕಾರಿಡಾರಿನಲ್ಲಿ ನೀಲಿ ಅಂಗಿ ತೊಟ್ಟ ಕಾಕಾ ಒಬ್ಬ ಮುದುಕಿಯನ್ನು ಮಲಗಿಸಿದ್ದ ಬೆಡ್ಡನ್ನು ತಳ್ಳಿಕೊಂಡು ಬರುತ್ತಿದ್ದರು. ನನ್ನನ್ನು ಕಂಡು ಒಂದು ಕ್ಷಣ ನಿಂತರು, ಮತ್ತೆ ತಳ್ಳಿಕೊಂಡು ಹೋದರು. ಸಂಜೆ ಅವರೇ ನನ್ನ ಮನೆಗೆ ಇಳಿದು ಬಂದರು.

"ಪಾಲಿಟೆಕ್ನಿಕ್‌ನಾಗ ಹದಿನೆಂಟು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸೇನಿ. ಇಲ್ಲಿ ಎಲ್ಲಿ ಹೋದ್ರೂ ಲೋಕಲ್ ಎಕ್ಸ್‌ಪೀರಿಯೆನ್ಸ್ ಕೇಳಿದ್ರು. ಬೆಡ್ ತಳ್ಳೂದಕ್ಕ ಅದು ಬೇಕಾಗಲಿಲ್ಲ" ಎಂದರು. ಹೊರಡಲು ಎದ್ದು, "ಈ ಮಂದಿ ಮುಂದ ಮಾಸ್ತರ ಅನ್ನೂ ಹೆಸರು ಒಂದ ಉಳದದ. ಅದನ್ನ ಕಳೀಬ್ಯಾಡಪಾ" ಎಂದರು.

"ಎಂತ ಕಾಕಾ, ನಾನು ಯಾರಿಗೆ ಹೇಳುದು?" ಎಂದೆ.

ಹೇಳಿದೆ. ಹೇಳಬಾರದವರಿಗೇ ಹೇಳಿದೆ. ನನ್ನ ಮ್ಯಾನೇಜರ್ ಬೆಂಗಳೂರಿನವರು. ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ಬೇಕಾದ ನನ್ನ ಪಿಆರ್ ಕಾಗದಕ್ಕೆ ಅವರ ಸಹಿ ಬೇಕಾಗಿತ್ತು. ಅವರು ತಮ್ಮ ಮಗನ ಹುಟ್ಟುಹಬ್ಬಕ್ಕೆ ಗೇಮಿಂಗ್ ಕಂಪ್ಯೂಟರ್ ಬೇಕು ಎಂದಾಗ, ಬಾಲ ಅಲ್ಲಾಡಿಸಿಕೊಂಡು ಕಾಕಾರಿಂದ ಪಟ್ಟಿ ಬರೆಸಿಕೊಂಡು ಬಂದವನು ನಾನು. ಅಂಗಡಿಗೆ ಹೋಗುವಾಗ ಕಾರಿನಲ್ಲಿ ಮ್ಯಾನೇಜರ್, "ನಿಮ್ಮ ಮೇಷ್ಟ್ರು ಹಾಸ್ಪಿಟಲಲ್ಲಿ ಎಕ್ಸಾಕ್ಟ್ಲಿ ಏನ್ ಮಾಡ್ತಾರೆ?" ಎಂದು ಕೇಳಿದರು. ಒಂದು ಗುಟ್ಟು ಹಂಚಿಕೊಂಡರೆ ಅವರಿಗೆ ಇನ್ನಷ್ಟು ಹತ್ತಿರದವನಾಗುತ್ತೇನೆ ಎಂಬ ಆಸೆ ನನಗೆ. ನಗುತ್ತಾ ಹೇಳಿಬಿಟ್ಟೆ. ಥೂ!

ಅಂಗಡಿಯಲ್ಲಿ, ಜೊತೆಗೆ ಬಂದಿದ್ದ ಹುಡುಗನ ಕಣ್ಣು ನೀಲಿ ದೀಪಗಳ, ಗಾಜಿನ ಬಾಗಿಲಿನ ಒಂದು ಕಂಪ್ಯೂಟರ್ ಕ್ಯಾಬಿನೆಟ್ ಮೇಲೆ ಬಿತ್ತು. ಅದೇ ಬೇಕೆಂದು ಹಟ ಹಿಡಿದ. ಅದನ್ನು ಕೊಂಡರೆ ಬಜೆಟ್ ಮೀರುತ್ತಿತ್ತು. ಮ್ಯಾನೇಜರ್ ನನ್ನ ಮುಖ ನೋಡಿ, "ಎಲ್ಲಾದ್ರೂ ಕಟ್ ಮಾಡ್ಬಹುದಾ?" ಎಂದರು. ಆ ಕ್ಯಾಬಿನೆಟ್ ಜೊತೆ ಒಂದು ಪವರ್ ಸಪ್ಲೈ ಪುಕ್ಕಟೆ ಬರುತ್ತಿತ್ತು. ಎತ್ತಿ ನೋಡಿದೆ, ಹಗುರವಾಗಿತ್ತು. ಗೊತ್ತಿದ್ದೂ, "ಪಟ್ಟಿಯಲ್ಲಿರುವ ಪವರ್ ಸಪ್ಲೈ ಬಿಟ್ಟುಬಿಡಿ ಸರ್, ಇದೇ ಸಾಕು" ಎಂದೆ.

ಮ್ಯಾನೇಜರ್ ಮನೆಗೆ ಜೋಡಿಸಲು ಬಂದ ಕಾಕಾ ಕ್ಯಾಬಿನೆಟ್ ಎತ್ತಿದ ಕೂಡಲೇ ಹುಬ್ಬು ಗಂಟಿಕ್ಕಿದರು. "ನಾ ಬರದದ್ದು ಎಲ್ಲದ?"

"ಸ್ಟಾಕ್ ಇರಲಿಲ್ಲ ಕಾಕಾ. ಮುಂದಿನ ವಾರ ಬರ್ತದಂತೆ, ಆಗ ಬದಲಿಸುವ."

"ಹಂಗಾದ್ರ ಇವತ್ತು ಬ್ಯಾಡ."

ಸಂಜೆಗೆ ಹುಟ್ಟುಹಬ್ಬದ ಪಾರ್ಟಿ. ಮ್ಯಾನೇಜರ್ ಒತ್ತಾಯ ಮಾಡಿದರು, ನಾನೂ ಮಾಡಿದೆ. ನನ್ನ ಮಾತು ನಂಬಿ ಕಾಕಾ ಜೋಡಿಸಿದರು. "ಬದಲಿ ಮಾಡೂತನಕ ಗೇಮ್ ಆಡಿಸಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿ ಹೋದರು. ಆ ಮನೆಯಲ್ಲಿ ಅವರ ಮಾತು ಯಾರು ಕೇಳಬೇಕು? ಸಾಲದ್ದಕ್ಕೆ ಮ್ಯಾನೇಜರ್ ಹಳೆಯ ಹಾರ್ಡ್ ಡಿಸ್ಕನ್ನೂ ತಾವೇ ಅದಕ್ಕೆ ಸೇರಿಸಿದರು. ಅದರಲ್ಲಿ ತೀರಿಕೊಂಡ ಅವರ ತಾಯಿಯ ಫೋಟೋಗಳಿದ್ದವು. ಮೂರನೇ ದಿನ ಢಬ್ ಎಂದು ಹೊಗೆ ಎದ್ದು, ಒಳಗಿದ್ದದ್ದೆಲ್ಲ ಸುಟ್ಟುಹೋಯಿತು.

ಅದಾದ ವಾರಕ್ಕೆ ಯುಗಾದಿಯ ಊಟ. ಬಾಡಿಗೆ ಹಾಲಿನಲ್ಲಿ ನೂರು ಜನ ಸೇರಿದ್ದರು. ಕಾಕಾರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ಬಡಿಸುತ್ತಿದ್ದರು. ಮ್ಯಾನೇಜರ್ ಎದ್ದು ಬಂದು ಕಾಕಾರ ಮುಂದೆ ನಿಂತರು.

"ಮೇಷ್ಟ್ರು ಮೇಷ್ಟ್ರು ಅಂತ ತಲೆ ಮೇಲೆ ಕೂರಿಸ್ಕೊಂಡಿದ್ವಿ. ಹಾಸ್ಪಿಟಲಲ್ಲಿ ಬೆಡ್ ತಳ್ಳೋರಂತೆ ಇವ್ರು! ನಮ್ಮಮ್ಮನ ಫೋಟೋ ವಾಪಸ್ ತಂದ್ಕೊಡ್ತೀರೇನ್ರೀ?"

ಕಾಕು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ಕಾಕಾ ನನ್ನ ಕಡೆ ತಿರುಗಿ ನೋಡಿದರು. ಬೆಡ್ ವಿಷಯ ತಿಳಿದವನು ನಾನೊಬ್ಬನೇ, ಸ್ಟಾಕ್ ಇಲ್ಲ ಎಂದವನೂ ನಾನೇ. ಅವರಿಗೆ ಎಲ್ಲ ಅರ್ಥವಾದದ್ದು ನನಗೆ ಕಂಡಿತು. ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಚೂರು ಚೂರು ಮಾಡುತ್ತಾ ಕುಳಿತೆ. ನನ್ನ ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

"ತಪ್ಪು ನಂದ ಅದರೀ" ಎಂದರು ಕಾಕಾ. "ಹಗುರ ಅದ ಅಂತ ಗೊತ್ತಿದ್ದೂ ಜೋಡಿಸಿದೆ."

ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಮಾಸ್ತರು ಎಂದವರೇ ಬೆನ್ನ ಹಿಂದೆ "ವಾರ್ಡ್ ಬಾಯ್" ಎಂದರು. ಮಗಳಿಗೆ ಮೆಲ್ಬರ್ನ್‌ನಲ್ಲಿ ಸೀಟು ಸಿಕ್ಕಿದ್ದೇ ನೆಪವಾಗಿ ಮೂವರೂ ಅಲ್ಲಿನ ಕ್ಲೇಟನ್ ಬಡಾವಣೆಗೆ ಹೊರಟುಹೋದರು. ಸಾಮಾನು ಇಳಿಸುವ ದಿನ ನಾನು ಬೇಕೆಂದೇ ಆಫೀಸಿನಲ್ಲಿ ಉಳಿದೆ. ಅದೇ ತಿಂಗಳು ನನ್ನ ಕಾಗದಕ್ಕೆ ಸಹಿ ಬಿತ್ತು.

ಮೂರು ವರ್ಷದ ನಂತರ ಮೆಲ್ಬರ್ನ್‌ಗೆ ಆಫೀಸ್ ಕೆಲಸದ ಮೇಲೆ ಹೋದಾಗ, ಧೈರ್ಯ ಮಾಡಿ ವಿಳಾಸ ಹುಡುಕಿಕೊಂಡು ಕ್ಲೇಟನ್‌ಗೆ ಬಸ್ ಹತ್ತಿದೆ. ಬಾಗಿಲು ತೆಗೆದದ್ದು ಕಾಕು. ಕಾಕಾ ತೀರಿಕೊಂಡು ಎಂಟು ತಿಂಗಳಾಗಿತ್ತು, ಹೃದಯಾಘಾತ. ಸಿಡ್ನಿಯಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿಸಲು ಅವರಿಗೆ ಅಲ್ಲಿ ಯಾರಿದ್ದರು?

ಚಹಾ ಕೊಟ್ಟು ಕಾಕು ಎದುರಿಗೆ ಕುಳಿತರು. "ನಿನ್ನ ಮ್ಯಾಲೆ ಅವರಿಗೆ ಸಿಟ್ಟಿರಲಿಲ್ಲ. 'ಅಂವಂದು ವೀಸಾ ಸಿಕ್ಕೊಂಡಿತ್ತು, ಅಂವನ ಜಾಗಾದಾಗ ನಾ ಇದ್ರೂ ಸುಮ್ಮನ ಕೂಡ್ತಿದ್ದೆ' ಅಂತಿದ್ರು. ಆದ್ರ ಇಲ್ಲಿಗೆ ಬಂದ ಮ್ಯಾಲೆ ಒಂದೂ ಕಂಪ್ಯೂಟರ್ ಮುಟ್ಟಲಿಲ್ಲ. ಮಗಳದು ಕೆಟ್ರೂ ಅಂಗಡಿಗೆ ಒಯ್ಯಿ ಅಂದ್ರು."

ನನಗೆ ಅಳು ತಡೆಯಲಾಗಲಿಲ್ಲ. ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಮುಂದ ಯಾಕ ಅಳ್ತಿ? ನನಗ ಎಲ್ಲಾ ಗೊತ್ತಿತ್ತು. ಆ ಹಾಲ್‌ನಾಗ ಉಣ್ಣಾಕ ಕೂತಿದ್ದ ಮಂದಿಗೆ ಗೊತ್ತಿಲ್ಲ. ಅವರಿಗೆ ಹೋಗಿ ಹೇಳು."

ಹೇಳಲಿಲ್ಲ. ಪಿಆರ್ ಬಂತು, ಸಿಟಿಜನ್‌ಶಿಪ್ ಬಂತು, ಮ್ಯಾನೇಜರ್ ಬೇರೆ ಕಂಪನಿಗೆ ಹೋದರು. ಹೆದರಲು ಏನೂ ಉಳಿದಿರಲಿಲ್ಲ. ಆದರೂ ವರ್ಷ ವರ್ಷವೂ ಅದೇ ಜನರ ನಡುವೆ ಕುಳಿತು ಯುಗಾದಿಯ ಊಟ ಮಾಡಿ, ಕೈ ತೊಳೆದುಕೊಂಡು ಬಂದಿದ್ದೇನೆ. ಆ ದಿನ ಹಾಲಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ. ಕಾಕಾ ಬರೆದುಕೊಟ್ಟ ಪಟ್ಟಿ ಸರಿಯಾಗಿಯೇ ಇತ್ತು. ಅದರಲ್ಲಿದ್ದ ಪವರ್ ಸಪ್ಲೈ ಬೇಡ ಎಂದವನು ನಾನು.