ಬಲಗಡೆಯಿಂದ ತೆರೆಯುವ ಪುಸ್ತಕ

ಮೊನ್ನೆ ಸುಣ್ಣ ಬಳಿಯಲೆಂದು ಕಪಾಟು ಖಾಲಿ ಮಾಡುವಾಗ ರಟ್ಟು ಹರಿದ ಒಂದು ಪುಸ್ತಕ ಕೈಗೆ ಬಂತು. ತೆರೆಯುವ ಮೊದಲೇ ವಾಸನೆ ಬಂತು... ಹೊಲಿಗೆ ಮಷಿನಿನ ಎಣ್ಣೆ. ಬಲಗಡೆಯ ತುದಿಯ ಹಾಳೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನ ಗೆರೆ ಇನ್ನೂ ಇದೆ. ಅಳು ಬಂತೇ ಅಂದರೆ, ಬರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿತ್ತು.

ಶಹಾಬಾದಿನಲ್ಲಿ ನಮ್ಮ ಮನೆಗೂ ಖಾಲಾರ ಮನೆಗೂ ನಡುವೆ ಒಂದೇ ಫರಸಿ ಕಲ್ಲಿನ ಗೋಡೆ. ಓಣಿಗೆಲ್ಲಾ ಅವರು ಖಾಲಾ, ಅಂದರೆ ಚಿಕ್ಕವ್ವ; ಅವ್ವನಿಗೆ ಮಾತ್ರ ಆಪಾ, ಅಕ್ಕ. ಕುಬಸ ಹೊಲಿಯುತ್ತಿದ್ದರು. ನಾನು ಆಗ ಪಿಯುಸಿಯಲ್ಲಿ ಇಂಗ್ಲಿಷ್ ಒಂದನ್ನು ಜೋಪಾನವಾಗಿ ಉಳಿಸಿಕೊಂಡು ಮನೆಯಲ್ಲಿದ್ದೆ. ಉದ್ಯೋಗ ಎಂದರೆ ಮಂದಿಯ ನಕಲಿ ಮಾಡುವುದು. ಹಾಲಿನವನ ಕೂಗು, ಸೋದರಮಾವನ ಗೊರಕೆ, ಫೇಲಾಗಿ ಮನೆಗೆ ಬಂದ ದಿನದ ನನ್ನದೇ ಮುಖ... ಯಾರನ್ನೂ ಬಿಟ್ಟವನಲ್ಲ.

ಪುಸ್ತಕ ಸಿಕ್ಕಿದ್ದು ವಾಡಿಯಿಂದ ಬರುವ ಪ್ಯಾಸೆಂಜರ್ ಗಾಡಿಯ ಸೀಟಿನ ಕೆಳಗೆ. ಜಪಾನಿನ ಚಿತ್ರಕಥೆ, ಮಾಂಗಾ ಅಂತಾರೆ, ಮಾತುಗಳು ಇಂಗ್ಲಿಷಿನಲ್ಲಿ. ಎರಡೂ ಕಡೆಯ ಹಾಳೆ ಒಂದಿಷ್ಟು ಹರಿದುಹೋಗಿದ್ದರಿಂದ ಅದರ ಹೆಸರು ಇವತ್ತಿಗೂ ಗೊತ್ತಿಲ್ಲ. ಅದರಲ್ಲೊಂದು ಕಡಲುಗಳ್ಳರ ತಂಡ. ಕೊರಳಲ್ಲಿ ಹೋತದ ಗಂಟೆ ಕಟ್ಟಿಕೊಂಡ ಕಪ್ತಾನ, ಮೀನಿನ ಮುಳ್ಳಿನ ಛತ್ರಿ ಹಿಡಿದ ಒಬ್ಬಾಕೆ, ಮೊಣಕಾಲು ದಾಟುವ ಕೈಗಳಿದ್ದ ಒಬ್ಬ ದಡಿಯ. ನನ್ನ ಇಂಗ್ಲಿಷಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಚಿತ್ರ ನೋಡಿ ಕಥೆ ಕಟ್ಟಿದೆ, ಖಾಲಾರ ಮಷಿನಿನ ಪಕ್ಕ ಕುಂತು ಒಬ್ಬೊಬ್ಬರ ದನಿಯಲ್ಲಿ ಹೇಳಿದೆ. ಸುಟ್ಟ ಊರಿಗೆ ಕಳ್ಳರು ಬರುತ್ತಾರೆ. ಬೆಂಕಿ ಸಣ್ಣದಾಗುತ್ತದೆ, ಬಿದ್ದವರು ಏಳುತ್ತಾರೆ, ಕಪ್ತಾನ ಒಬ್ಬ ಮುದುಕಿಯ ಹೊಸ್ತಿಲಲ್ಲಿ ಆಕೆಯ ಪೆಟ್ಟಿಗೆ ಇಟ್ಟು ಹಡಗು ಹತ್ತಿ ಹೋಗುತ್ತಾನೆ. ಖಾಲಾಗೆ ಭಾಳ ಹಿಡಿಸಿತು. ಇಂಥ ಡಾಕುಗಳು ನಮ್ಮ ಓಣಿಗೂ ಬರಲಿ ಅಂದರು.

ಎಂಟು ದಿನವಾದ ಮೇಲೆ ಪುಸ್ತಕವನ್ನು ತಾವೇ ಕೈಗೆ ತಗೊಂಡರು. ಉರ್ದು ಓದಿದ ಕೈ, ತಾನಾಗಿ ಬಲಗಡೆಯಿಂದ ತೆರೆಯಿತು. ಮುಖಕ್ಕೆ ಅಂಟಿಸಿದಂತೆ ಹಿಡಿದು ಒಂದೊಂದೇ ಹಾಳೆ ತಿರುವಿದರು.

"ಬೇಟಾ, ಇವರು ಕೊಡ್ಲಿಕ್ಕ ಬಂದವರಲ್ಲ, ಒಯ್ಲಿಕ್ಕ ಬಂದವರು. ನೀ ಉಲ್ಟಾ ಓದ್ಲಿಕತ್ತಿದಿ."

ಜಪಾನಿನ ಪುಸ್ತಕವೂ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದುವಂಥದ್ದು, ನಾನು ಎಡಗಡೆಯಿಂದ ಶುರು ಮಾಡಿದ್ದೆ. ಎಲ್ಲಿಂದ ಶುರು ಮಾಡಬೇಕೋ ಅಲ್ಲೊಂದು ಚಾಕ್‌ಪೀಸಿನ ಗೆರೆ ಎಳೆದುಕೊಟ್ಟರು. ಆ ಕಡೆಯಿಂದ ನೋಡಿದರೆ ಕಪ್ತಾನ ನಗುನಗುತ್ತಾ ಬರುತ್ತಾನೆ, ಪೆಟ್ಟಿಗೆ ಎತ್ತಿಕೊಳ್ಳುತ್ತಾನೆ, ಅವನ ಬೆನ್ನ ಹಿಂದೆ ಊರು ಉರಿಯುತ್ತದೆ. ಎಂಟು ದಿನ ಲೂಟಿಕೋರನಿಗೆ ಸಾಧುವಿನ ದನಿ ಕೊಟ್ಟವನು ನಾನು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆದರೆ ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅವರು ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿದಿದ್ದ ರೀತಿ. ಸೂಜಿಯನ್ನೂ ಹಾಗೇ ಹಿಡಿಯುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ಯಾರಿಗೂ ಹೇಳಿರಲಿಲ್ಲ. ಹೊಲಿಗೆ ಮಾತ್ರ ಒಂದೆಳೆ ಸೊಟ್ಟ ಹೋಗುತ್ತಿರಲಿಲ್ಲ, ಬೆರಳಿಗೇ ಎಲ್ಲಾ ಗೊತ್ತಿತ್ತು. ಆದರೂ ಕಣ್ಣಿಲ್ಲ ಅಂತ ತಿಳಿದರೆ ರೇಷ್ಮೆ ಬಟ್ಟೆ ಯಾರು ಕೊಡುತ್ತಾರೆ? ಮಷಿನ್ ನಿಂತರೆ ಚಿಂಚೋಳಿ ಕಡೆ ಐನಾಪುರದಲ್ಲಿದ್ದ ಮಗಳ ಮನೆ ಸೇರಬೇಕು. ಅದೊಂದು ಬೇಡ ಅನ್ನುತ್ತಿದ್ದರು. ಇದೆಲ್ಲಾ ನನಗೆ ಗೊತ್ತಿತ್ತೇ? ಅರ್ಧ ಗೊತ್ತಿತ್ತು. ನಕಲಿ ಮಾಡುವವನಿಗೆ ಅರ್ಧ ಸಾಕು.

ಅದೇ ತಿಂಗಳು ನಮ್ಮಕ್ಕನ ಕುಬಸದ ಕಾರ್ಯ, ಸೀಮಂತ, ಇತ್ತು. ಬಸುರಿಗೆ ತೊಡಿಸಿದ್ದ ಹಸಿರು ಕುಬಸ ಖಾಲಾ ಹೊಲಿದದ್ದೇ. ಊಟ ಮುಗಿಸಿ ಕುಂತ ಹೆಣ್ಣುಮಕ್ಕಳು ನಕಲಿ ಮಾಡು ಅಂತ ಬೆನ್ನುಹತ್ತಿದರು. ಎಲ್ಲರನ್ನೂ ಮಾಡಿದೆ, ಕೊನೆಗೆ ಖಾಲಾರನ್ನು. ಸೂಜಿ ಮೂಗಿಗೆ ಹಿಡಿದೆ, ದಾರವನ್ನು ಒಮ್ಮೆ ಕಿವಿಗೆ ಒಮ್ಮೆ ಗಲ್ಲಕ್ಕೆ ಚುಚ್ಚಿದೆ, ಕಡೆಗೆ ಕಂಬಕ್ಕೆ ಟೇಪು ಸುತ್ತಿ, ನೀವು ಭಾಳ ಸೊರಗೀರಿ ಅಂದೆ. ಮನೆಯೆಲ್ಲಾ ನಕ್ಕಿತು. ಖಾಲಾ ಸೆರಗು ಬಾಯಿಗಿಟ್ಟು ಎಲ್ಲರಿಗಿಂತ ಜೋರಾಗಿ ನಕ್ಕರು... ನಕ್ಕರು ಅಂತಲೇ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ.

ನಗದೆ ನೋಡಿದವರೂ ಇದ್ದರು. ಮರುವಾರ ಒಬ್ಬಾಕೆ ಮದುವೆ ಮುಂದೆ ಹೋಯಿತು ಅಂತ ಕೊಟ್ಟ ಬಟ್ಟೆ ವಾಪಸ್ ಒಯ್ದಳು. ಆಮೇಲೆ ಇನ್ನೊಬ್ಬಳು. ಗೋಡೆಯಾಚೆ ಮಷಿನಿನ ಸದ್ದು ಮೊದಲು ಮಧ್ಯಾಹ್ನ ನಿಂತಿತು, ಆಮೇಲೆ ಬೆಳಿಗ್ಗೆಯೂ. ಒಂದು ದಿನ ಖಾಲಾರ ಅಳಿಯ ಟಂಟಂ ಗಾಡಿ ತಂದರು. ಮಷಿನ್ ಎತ್ತುವಾಗ ಒಂದು ಕಡೆ ನಾನೇ ಹಿಡಿದೆ. ಖಾಲಾ ಅದರ ಖಾನೆಯಲ್ಲಿದ್ದ ನನ್ನ ಪುಸ್ತಕ ತೆಗೆದುಕೊಟ್ಟರು.

"ನಕಲಿ ಛಲೋ ಮಾಡ್ತಿ ಬೇಟಾ. ನನ್ ಕಣ್ಣು ಹೋಗಿದ್ದು ನಾ ಯಾರಿಗಿ ಹೇಳಿದ್ದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅದನ್ನೂ ನಕಲಿ ಮಾಡಿ ಹಗುರಾಗುತ್ತಿದ್ದೆನೋ ಏನೋ.

ಐನಾಪುರಕ್ಕೆ ಹೋಗಬೇಕು, ತಪ್ಪಾಯ್ತು ಅನ್ನಬೇಕು ಅಂತ ಎರಡು ವರ್ಷ ಅಂದುಕೊಂಡೆ. ಬಸ್ಸು ದಿನಾ ಇತ್ತು. ಖಾಲಾ ತೀರಿಕೊಂಡ ಸುದ್ದಿ ಬಂದ ದಿನ ಹೋದೆ, ಅಷ್ಟೊತ್ತಿಗೆ ಮಣ್ಣಾಗಿತ್ತು. ಮೂಲೆಯಲ್ಲಿ ಮಷಿನಿಗೆ ಚಾದರ ಹೊದಿಸಿ ಮೇಲೆ ಮೊಮ್ಮಕ್ಕಳ ಪಾಟಿಚೀಲ ಇಟ್ಟಿದ್ದರು. ಯಾರೋ ಚಹಾ ಕೊಟ್ಟರು. ಕುಡಿದು ಬಂದೆ.

ಈಗಲೂ ಮದುವೆ ಮನೆಗಳಿಗೆ ನಕಲಿ ಮಾಡಲು ಕರೆಯುತ್ತಾರೆ, ಹೋಗುತ್ತೇನೆ. ಹೋದ ವರ್ಷ ಒಮ್ಮೆ, ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು, ಆ ಗೋಡೆಯ ಕಡೆ ತಿರುಗಿ ಖಾಲಾರ ದನಿಯಲ್ಲಿ ಬೇಟಾ ಅಂದೆ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು "ಆಪಾ?" ಅಂದಳು. ನನ್ನನ್ನು ನೋಡಿದಳು. ಒಳಗೆ ಹೋಗಿ ರೊಟ್ಟಿ ಬಡಿಯಲು ಕುಂತಳು.

ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸುವ ಮೊದಲು ಒಮ್ಮೆ ಎಡಗಡೆಯಿಂದ ತೆರೆದೆ, ತಪ್ಪು ಕಡೆ ಅಂತ ಗೊತ್ತಿದ್ದೂ. ಊರು ಸುಟ್ಟಿತ್ತು. ಹಾಳೆ ತಿರುವಿದಂತೆ ಬೆಂಕಿ ಆರಿತು, ಗಂಟೆಯ ಕಪ್ತಾನ ಪೆಟ್ಟಿಗೆ ಹೊತ್ತು ತಂದು ಮುದುಕಿಯ ಹೊಸ್ತಿಲಲ್ಲಿ ಇಟ್ಟ, ಹಡಗು ದೂರ ಹೋಯಿತು. ಆಮೇಲೆ ಚಾಕ್‌ಪೀಸಿನ ಗೆರೆ ಬಂತು. ಕಥೆ ಶುರುವಾಗುವುದು ಅಲ್ಲಿಂದ... ಮುಚ್ಚುವಾಗ ಹೆಬ್ಬೆರಳಿಗೆ ಸ್ವಲ್ಪ ನೀಲಿ ಹತ್ತಿತು.