ಕೈಗೆಟುಕದ ತಲೆಗೊಂದು ಪೇಟ

ಐರ್ಲೆಂಡಿನ ಲೆಪರ್ಡ್ಸ್‌ಟೌನಿನಲ್ಲಿ ನಮ್ಮ ಕನ್ನಡ ಸಂಘ ದೀಪಾವಳಿ ಮಾಡುವ ಸಭಾಂಗಣವನ್ನು ನೋಡಿಕೊಳ್ಳುತ್ತಿದ್ದವರು ಏಳಡಿ ಎತ್ತರದ ಐರಿಷ್ ಹಿರಿಯರು. ಏಣಿಯಿಲ್ಲದೆ ನಮ್ಮ ತೋರಣ ಕಟ್ಟಿಕೊಡುತ್ತಿದ್ದರು. ಏನು ಕೇಳಿದರೂ "ಗ್ರ್ಯಾಂಡ್", ಅಂದರೆ ಆಗಲಿ ಬಿಡಿ, ಎನ್ನುತ್ತಿದ್ದರು. ತಮ್ಮಂಥ ಎತ್ತರದ ಐರಿಷರನ್ನು ಹಿಂದೆ ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸುತ್ತಿದ್ದರೆಂದು ಒಮ್ಮೆ ಟೀ ಕುಡಿಯುತ್ತ ಹೇಳಿದ್ದರು. ನಾನು "ಛೇ" ಅಂದಿದ್ದೆ.

ಆ ವರ್ಷ ಅವರಿಗೆ ಸನ್ಮಾನ ಮಾಡಿದೆವು. ಮೈಸೂರು ಪೇಟ ತೊಡಿಸಲು ಅಧ್ಯಕ್ಷರಿಗೆ ಕೈ ಎಟುಕಲಿಲ್ಲ. "ಸ್ವಲ್ಪ ಮಂಡಿ ಊರೋಕೆ ಹೇಳ್ರೀ," ಎಂದರು ಮೈಕಿನಲ್ಲೇ. ಸಭೆ ನಕ್ಕಿತು. ಅವರು ಮಂಡಿಯೂರಿದರು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಫೋಟೋಗೆ ಸಾಲು ನಿಂತರು. "ಹೆದರ್ಬೇಡ ಪುಟ್ಟಾ, ಪಕ್ಕದಲ್ಲಿ ನಿಂತ್ಕೊ!"

ನನ್ನ ಸರದಿ ಬಂದಾಗಲೂ ಅವರು ಶಾಲು ಹೊದ್ದು ಮಂಡಿಯ ಮೇಲೇ ಇದ್ದರು. ಸಾಲನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಟಿಕೆಟ್ ಎಷ್ಟು ಇಟ್ಟಿದ್ದೀರಿ?"

ಮಗಳನ್ನು ನಾನು ಆಗಲೇ ಅವರ ಪಕ್ಕದಲ್ಲಿ ನಿಲ್ಲಿಸಿದ್ದೆ.